ಅರ್ಧ ಮೀನು, ಅರ್ಧ ಗಡಿಯಾರ

ಏ ಎದುರು ಮನೆಯವರೇ! ಮಹಡಿ ಮೇಲೆ ಬಟ್ಟೆ ಹಾಕ್ತಿರೋ ಅಕ್ಕಾ! ಸೈಕಲ್ ನಿಲ್ಸಪ್ಪಾ, ಎಲ್ಲಿಗೆ ಅಷ್ಟು ಅರ್ಜೆಂಟು? ಎಲ್ಲರೂ ಸ್ವಲ್ಪ ಕಿವಿ ಕೊಡಿ. ರಟ್ಟಜ್ಜಿ ಮನೇಲಿ ಏನಾಯ್ತು ಗೊತ್ತಾ? ಮೆಲ್ಲಗೆ ಹೇಳ್ತೀನಿ, ಅವಳ ಕಿಟಕಿ ತೆಗೆದೇ ಇದೆ.

ರಟ್ಟಜ್ಜಿ ಎಂದರೆ ಬೀದಿಯ ಕೊನೆಯಲ್ಲಿರುವ ಡಬ್ಬಿ ಕಾರ್ಖಾನೆಯಲ್ಲಿ ಪಂಚಿಂಗ್ ಮಷೀನಿನ ಮುಂದೆ ನಿಲ್ಲುವ ಅಜ್ಜಿ. ರಟ್ಟಿನ ಶೀಟನ್ನು ಒಳಗೆ ತಳ್ಳಬೇಕು, ಮಷೀನು ಬಾಯಿ ಮುಚ್ಚಿ ತೆರೆಯುವಷ್ಟರಲ್ಲಿ ಕೈ ಹಿಂದಕ್ಕೆ ತೆಗೆಯಬೇಕು, ಕತ್ತರಿಸಿದ ಶೀಟನ್ನು ಆಚೆ ಜೋಡಿಸಬೇಕು. ಮದುವೆಯಾಗಿ ಬಂದ ವರ್ಷದಿಂದ ಇದೇ ಕೆಲಸ. ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿದೆ, ಒಂದು ಸಲ ಮಷೀನು ಅವಳಿಗಿಂತ ಚುರುಕಾಗಿತ್ತು. ಯಾರ ಮನೆಗೆ ಹೋದರೂ ಅವಳು ಮೊದಲು ನೋಡುವುದು ಡಬ್ಬಿಗಳನ್ನು. ಯಾರಾದರೂ ಉಡುಗೊರೆ ಕೊಟ್ಟರೆ ಒಳಗಿರುವುದನ್ನು ಸೊಸೆಯ ಕೈಗಿಟ್ಟು, ಡಬ್ಬಿಯನ್ನು ತಲೆಕೆಳಗು ಮಾಡಿ ಅಂಟು ನೋಡುತ್ತಾಳೆ. "ಎಂಥ ಕೆಟ್ಟ ಅಂಟು, ಎಂಜಲು ಹಚ್ಚಿದ್ರೂ ಇದಕ್ಕಿಂತ ಗಟ್ಟಿ ನಿಲ್ತಿತ್ತು" ಎನ್ನುತ್ತಾಳೆ. ಮೊಮ್ಮಗಳಿಗೆ ಮಾತು ಬಂದ ಹೊಸದರಲ್ಲೇ ಅಜ್ಜಿಗೆ ಈ ಹೆಸರು ಬಿತ್ತು.

ಅಜ್ಜಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಎಂಬುದಿರಲಿಲ್ಲ. ಪಕ್ಕದ ಮನೆಯವರು ಹೊಸ ಸೋಫಾ ತಂದಾಗ ಅವಳೇ ಹೋಗಿ ಬಾಗಿಲು ಹಿಡಿದು ಒಳಗೆ ಹಾಕಿಸಿಕೊಟ್ಟಳು. ಜೊತೆ ಕೆಲಸದವಳಿಗೆ ಸಂಬಳ ಏರಿದಾಗ ಚಹಾ ಕೊಡಿಸಿದ್ದೂ ಅವಳೇ. ಬೀಗತಿ ಬರುವ ತನಕ ಎಲ್ಲ ಸರಿಯಾಗಿತ್ತು.

ವರ್ಷದ ಕೊನೆ ಹತ್ತಿರ ಬಂದಾಗ ಕಾರ್ಖಾನೆಗೆ ಒಂದು ವಿಶೇಷ ಆರ್ಡರು ಬರುತ್ತದೆ. ಬಾಗಿಲು ಕ್ಯಾಲೆಂಡರು. ರಟ್ಟಿನ ಮೇಲೆ ದೊಡ್ಡದೊಂದು ಮನೆಯ ಚಿತ್ರ, ಅದರಲ್ಲಿ ಪುಟ್ಟ ಪುಟ್ಟ ಬಾಗಿಲುಗಳು. ಕೊನೆಯ ತಿಂಗಳಲ್ಲಿ ಮಕ್ಕಳು ದಿನಕ್ಕೊಂದು ಬಾಗಿಲು ತೆರೆದು ರಜೆಗೆ ಎಷ್ಟು ದಿನ ಉಳಿಯಿತು ಎಂದು ಎಣಿಸುತ್ತಾರೆ. ತೆರೆದರೆ ಒಳಗೊಂದು ಚಿತ್ರ, ಅಷ್ಟೇ. ಈ ಸಲ ಅಜ್ಜಿ ಮಷೀನು ಒರೆಸಿದ ಮೇಲೆ ಶೀಟು ಆನಿಸುವ ಪಟ್ಟಿಯ ಬೋಲ್ಟು ಬಿಗಿಯಲು ಮರೆತಳು. ಜೊತೆಯವಳು ಅತ್ತೆಯ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು, ಅಜ್ಜಿ ಬಿದ್ದು ಬಿದ್ದು ನಗುತ್ತಿದ್ದಳು. ಪಟ್ಟಿ ಒಂದು ಬೆರಳಗಲ ಜರುಗಿತು. ಚಿತ್ರದ ಹಾಳೆ ಅಂಟಿಸಿ ಒಂದು ಬಾಗಿಲು ತೆರೆದು ನೋಡಿದಾಗಲೇ ಗೊತ್ತಾದದ್ದು: ಒಳಗೆ ಪೂರ್ತಿ ಚಿತ್ರ ಒಂದೂ ಇಲ್ಲ. ಒಂದು ಚಿತ್ರದ ಅರ್ಧ, ಪಕ್ಕದ್ದರ ಅರ್ಧ. ಬಾಗಿಲ ಮೇಲಿನ ಅಂಕಿಗಳೂ ಹಾಗೆಯೇ, ಅರ್ಧ ಬಾಗಿಲಿಗೆ, ಅರ್ಧ ಗೋಡೆಗೆ.

ಸೂಪರ್‌ವೈಸರ್ ತಲೆ ಚಚ್ಚಿಕೊಂಡ. "ಏನಜ್ಜಿ ಇದು, ಬಾತುಕೋಳಿ ಹಿಂದೆ ಕೊಡೆ ಅಂಟ್ಕೊಂಡಿದೆ!"

"ಮಳೆ ಬಂದ್ರೆ ಅದಕ್ಕೂ ಬೇಕಲ್ಲಪ್ಪಾ" ಎಂದಳು ಅಜ್ಜಿ. ಬೈಸಿಕೊಂಡಳು. ಆದರೆ ರದ್ದಿಗೆ ಹೋಗುವ ರಾಶಿಯಿಂದ ಒಂದು ಕ್ಯಾಲೆಂಡರನ್ನೂ, ಅಂಟಿಸದೆ ಉಳಿದ ಚಿತ್ರದ ಹಾಳೆಯೊಂದನ್ನೂ ಕೇಳಿ ಪಡೆದಳು. ಹಾಳೆ ಅಡುಗೆಮನೆಯ ಗೂಡಿಗೆ ಹಾಸಲು, ಕ್ಯಾಲೆಂಡರು ಮೊಮ್ಮಗಳಿಗೆ.

ಮೊಮ್ಮಗಳು ಅದಕ್ಕೆ ಮರುಳಾಗಿಬಿಟ್ಟಳು. ಬೆಳಿಗ್ಗೆ ಅಜ್ಜಿ ಹಾಲ್‌ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವಾಗ ಹುಡುಗಿ ತೊಡೆಯೇರಿ, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಕೈಚಾಚಿ ಬಾಗಿಲು ತೆರೆಯುತ್ತಿದ್ದಳು.

"ಅಜ್ಜೀ, ಈ ಕಡೆ ಕುದುರೆ, ಆ ಕಡೆ ಮೇಣದಬತ್ತಿ! ಇದು ಏನ್ ತಿನ್ನುತ್ತೆ?"

"ಹುಲ್ಲೇ ತಿನ್ನುತ್ತೆ. ಬೇಯಿಸ್ಕೊಂಡು ತಿನ್ನುತ್ತೆ."

ಹುಡುಗಿ ಕಿಲಕಿಲ ನಕ್ಕು ಚಹಾ ಚೆಲ್ಲಿಸುತ್ತಿದ್ದಳು. ಅಜ್ಜಿ ಆ ಕಲೆಯ ಸೀರೆಯಲ್ಲೇ ಕಾರ್ಖಾನೆಗೆ ಹೋಗುತ್ತಿದ್ದಳು. ಬೇಕೆಂದೇ ಬದಲಾಯಿಸುತ್ತಿರಲಿಲ್ಲ.

ಆಗ ಬಂದಳು ಬ್ಯಾಗಜ್ಜಿ. ಸೊಸೆಯ ತಾಯಿ. ಅವಳ ಮನೆಯ ಪೈಪುಗಳೆಲ್ಲ ಸೋರಿ ರಿಪೇರಿಗೆ ಬಿದ್ದಿದ್ದವು, ಮುಗಿಯುವ ತನಕ ಮಗಳ ಮನೆ. ಹೆಗಲಿಗೆ ಯಾವಾಗಲೂ ಒಂದು ಭಾರಿ ಬ್ಯಾಗು. ಬಂದ ಮೊದಲ ದಿನವೇ ಆ ಬ್ಯಾಗಿನಿಂದ ಹೊರಬಂತು ಇನ್ನೊಂದು ಬಾಗಿಲು ಕ್ಯಾಲೆಂಡರು. ದಪ್ಪ ಡಬ್ಬಿ, ಮಿರಿಮಿರಿ ಕಾಗದ, ಪ್ರತಿ ಬಾಗಿಲ ಹಿಂದೆ ಒಂದು ಚಾಕಲೇಟು.

"ಪಾಪ, ಮಗೂಗೆ ಬರೀ ರಟ್ಟು ತೋರಿಸಿದ್ರೆ ಹೇಗೆ ಬೀಗ್ತಿಯವರೇ? ಬಾಯಿಗೂ ಏನಾದ್ರೂ ಬೇಕಲ್ವಾ?"

"ಹೂಂ ಮತ್ತೆ. ಹಲ್ಲಿನ ಡಾಕ್ಟರೂ ಬದುಕಬೇಕಲ್ಲ" ಎಂದಳು ರಟ್ಟಜ್ಜಿ.

"ಅತ್ತೇ..." ಎಂದು ಸೊಸೆ ಕಣ್ಣಲ್ಲೇ ಬೇಡಿಕೊಂಡಳು.

ಮರುದಿನ ಬೆಳಿಗ್ಗೆ ಹುಡುಗಿ ಎದ್ದವಳೇ ಓಡಿದ್ದು ಊಟದ ಮೇಜಿನ ಮೇಲಿದ್ದ ಮಿರಿಮಿರಿ ಡಬ್ಬಿಗೆ. ಆಮೇಲೆ ಚಾಕಲೇಟು ಮೆತ್ತಿದ ಬಾಯಲ್ಲಿ ಇತ್ತ ಬಂದು, ನಿಂತಲ್ಲೇ ಒಂದು ಬಾಗಿಲು ಕಿತ್ತು, "ಹಾಂ, ಟೋಪಿ" ಎಂದು ಹೇಳಿ ಹೋದಳು. ತೊಡೆಗೆ ಬರಲಿಲ್ಲ. ಬಾಗಿಲ ಮೇಲೆ ಕಂದು ಹೆಬ್ಬೆಟ್ಟಿನ ಗುರುತು ಉಳಿಯಿತು. ಆ ಟೋಪಿಯ ಪಕ್ಕ ಅರ್ಧ ಸೌತೆಕಾಯಿ ಇತ್ತು! ಹುಡುಗಿ ಅದನ್ನು ನೋಡಲೂ ಇಲ್ಲ. ಅಜ್ಜಿಯ ಚಹಾ ಕೆನೆಗಟ್ಟಿತು.

ಮಂಚವೂ ಹೋಯಿತು. ಬಂದವರಿಗೆ ಮಂಚ ಬಿಟ್ಟುಕೊಡಬೇಕಲ್ಲ, ರಟ್ಟಜ್ಜಿ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡಳು. ಮೊದಲು ಅವಳ ಪಕ್ಕ ಮಲಗುತ್ತಿದ್ದ ಮೊಮ್ಮಗಳು ಈಗ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬ್ಯಾಗಜ್ಜಿಯ ಪಕ್ಕ ಗುಸುಗುಸು ಎನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ ಅವಳು ರಟ್ಟಿನ ಬಾಗಿಲು ತೆರೆಯುವುದನ್ನು ಮರೆತೇ ಸ್ಕೂಲಿಗೆ ಹೋದಳು. ಅಂದು ಮಷೀನಿನ ಮುಂದೆ ಅಜ್ಜಿ ಶೀಟುಗಳನ್ನು ಎಷ್ಟು ಜೋರಾಗಿ ತಳ್ಳಿದಳೆಂದರೆ ಸೂಪರ್‌ವೈಸರ್ ಬಂದು, "ಯಾರ ಮೇಲಜ್ಜಿ ಸಿಟ್ಟು?" ಎಂದ. "ಪೈಪಿನ ಮೇಲೆ" ಎಂದಳು.

ಕಾರ್ಖಾನೆಯ ವಾರದ ರಜೆ ಬಂತು, ಅದು ಭಾನುವಾರವಲ್ಲ. ಮಧ್ಯಾಹ್ನ, ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ, ಬ್ಯಾಗಜ್ಜಿ ಕೋಣೆಯಲ್ಲಿ ಗೊರಕೆಗೆ. ರಟ್ಟಜ್ಜಿ ಮಿರಿಮಿರಿ ಡಬ್ಬಿಯನ್ನು ತಲೆಕೆಳಗು ಮಾಡಿದಳು. ಅಭ್ಯಾಸಬಲ ಅಂದುಕೊಳ್ಳಿ. ಬದಿಯ ರಟ್ಟಿನ ಮಡಿಕೆಗೆ ಅಂಟಿನ ಮೂರು ಚುಕ್ಕೆ, ಅಷ್ಟೇ. ಇಷ್ಟು ಬೆಲೆಯ ಡಬ್ಬಿಗೆ ಇಷ್ಟೇ ಅಂಟೇ ಎಂದು ಅವಳಿಗೆ ಎಂಥದೋ ಸಂತೋಷವಾಯಿತು. ಚಪ್ಪಟೆ ಹೆಬ್ಬೆರಳು ಒಳಗೆ ಹೋಯಿತು, ಮಡಿಕೆ ಬಿಚ್ಚಿತು, ಒಳಗಿನ ತಟ್ಟೆ ಜಾರಿ ಹೊರಬಂತು. ಒಂದೂ ಬಾಗಿಲು ತೆರೆಯದೆ ಅಲ್ಲೊಂದು ಇಲ್ಲೊಂದು ಚಾಕಲೇಟು ತೆಗೆದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ನಿಂತೇ ತಿಂದಳು. ಅವಳಿಗೆ ಸಿಹಿ ಸೇರುವುದೇ ಇಲ್ಲ. ಆದರೂ ಔಷಧಿ ನುಂಗಿದ ಹಾಗೆ ನುಂಗಿದಳು. ಮಡಿಕೆಯನ್ನು ಮತ್ತೆ ಅಂಟಿಸಿದಳು, ಕಂಪನಿಯವರಿಗಿಂತ ಚೆನ್ನಾಗಿಯೇ.

"ಯಾಕಮ್ಮಾ, ಊಟ ಸೇರ್ಲಿಲ್ವಾ?" ಎಂದು ಮಗ ರಾತ್ರಿ ಕೇಳಿದ.

"ಹೊಟ್ಟೆ ಸರಿ ಇಲ್ಲ ಕಣೋ."

ಅದು ಸುಳ್ಳೂ ಅಲ್ಲ.

ಬೆಳಿಗ್ಗೆ ಅಜ್ಜಿ ಚಹಾ ಹಿಡಿದು, ತೊಡೆ ಖಾಲಿ ಮಾಡಿಕೊಂಡು, ಅಳುವಿಗಾಗಿ ಕಾದಳು. ಹುಡುಗಿ ಮೇಜಿನ ಬಳಿ ಬಾಗಿಲು ತೆರೆದಳು. ಒಳಗೆ ಬೆರಳು ಹಾಕಿ ತಡಕಿದಳು. ಆಮೇಲೆ ಮನೆ ಹಾರಿಹೋಗುವಂಥ ಕೂಗು. "ಇಲ್ಲ! ಒಳಗೆ ಏನೂ ಇಲ್ಲ! ಅಪ್ಪಾ ಬಾ, ಅಮ್ಮಾ ಬಾ! ಬಾಗಿಲು ಮುಚ್ಚೇ ಇತ್ತು, ಚಾಕಲೇಟ್ ಮಾಯ!"

ಅಳುವಲ್ಲ, ಖುಷಿ! ಮಗ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ, ಸೊಸೆ ಒಂದು ಕಿವಿಯ ಓಲೆ ಕೈಯಲ್ಲಿ ಹಿಡಿದು ಬಂದಳು. ಎಲ್ಲರೂ ಡಬ್ಬಿಯ ಸುತ್ತ. ಇಲಿ ಹೋಗಿರಬಹುದಾ? ತೂತು ಎಲ್ಲಿದೆ? ನಾಳೆ ಇರುತ್ತೋ ಇಲ್ಲವೋ? ಮರುದಿನ ಚಾಕಲೇಟು ಇತ್ತು, ಅದಕ್ಕೆ ಚಪ್ಪಾಳೆ. ಅದರ ಮರುದಿನ ಇರಲಿಲ್ಲ, ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ. ಮಗ ಆಫೀಸಿಗೆ ಹೊರಡುವ ಮುಂಚೆ, "ಇವತ್ತು ಖಾಲಿ ಅಂತ ನನ್ನ ಲೆಕ್ಕ" ಎಂದು ಮಗಳ ಜೊತೆ ಪಂಥ ಕಟ್ಟತೊಡಗಿದ.

ಬ್ಯಾಗಜ್ಜಿ ಎದೆಯುಬ್ಬಿಸಿ ಹೇಳಿದಳು, "ಕಂಪನಿಯವರು ಬೇಕು ಅಂತಾನೇ ಹೀಗೆ ಮಾಡಿರ್ತಾರೆ. ಮಕ್ಕಳಿಗೆ ಮಜಾ ಬರ್ಲಿ ಅಂತ. ಒಳ್ಳೇ ಮಾಲು ಅಂದ್ರೆ ಸುಮ್ನೆ ಅಲ್ಲ!"

ರಟ್ಟಜ್ಜಿ ಕುರ್ಚಿಯಿಂದ ಅರ್ಧ ಎದ್ದಳು. ಮಾಡಿದ್ದು ನಾನು ಕಣೇ, ಆ ಖಾಲಿಯೆಲ್ಲ ನನ್ನದು ಎನ್ನಬೇಕು. ಎಂದರೆ ಕಳ್ಳಿ. ಎನ್ನದಿದ್ದರೆ ಹೆಸರೆಲ್ಲ ಬೀಗತಿಗೆ. ಚಹಾ ಬಟ್ಟಲು ಕಚ್ಚಿಕೊಂಡು ಕೂತಳು. ಅವಳ ಬಾಗಿಲನ್ನು ಹುಡುಗಿ ಸ್ಕೂಲಿಗೆ ಓಡುವಾಗ ತೆರೆದು ಇಣುಕಿದರೆ ಅದೇ ಹೆಚ್ಚು, ಉಳಿದವರು ಯಾರೂ ಅತ್ತ ಬರಲಿಲ್ಲ. ಇಷ್ಟು ಸಾಲದೆಂಬಂತೆ ರಟ್ಟಿನ ಕ್ಯಾಲೆಂಡರಿನಲ್ಲಿ ಮುಂದಿನ ದಿನಗಳ ಬಾಗಿಲಂಚುಗಳು ತುಸು ತುಟಿ ಎತ್ತಿದ್ದವು. ರಟ್ಟು ತಂಡಿ ಹಿಡಿದಿದೆ ಎಂದುಕೊಂಡಳು. ರಟ್ಟೂ ಕೈಕೊಟ್ಟಿತಲ್ಲ ಎಂದು ಬೇಸರವಾಯಿತು.

ಮುಂದಿನ ರಜೆಯ ದಿನಕ್ಕೆ ಉಪಾಯ ಸಿದ್ಧವಾಗಿತ್ತು. ಖಾಲಿಯಿಂದಲ್ಲವೇ ಈ ಸಂಭ್ರಮ? ಹಾಗಾದರೆ ತುಂಬಿಸಿಬಿಟ್ಟರಾಯಿತು. ದಿನವೂ ಚಾಕಲೇಟು, ದಿನವೂ ಅದೇ, ಬೇಸತ್ತು ಹೋಗಲಿ! ಅಂಗಡಿಯಲ್ಲಿ ಅದೇ ಅಳತೆಯ ಚಾಕಲೇಟು ಹುಡುಕಿ ತಂದಳು. ಬೀಗತಿಯ ಡಬ್ಬಿಗೆ ತನ್ನ ಕೈಯಾರೆ ಚಾಕಲೇಟು ತುಂಬುವ ಗತಿ ಬಂತಲ್ಲ ಎಂದು ಶಪಿಸುತ್ತ, ಮಧ್ಯಾಹ್ನ ಹಾಲ್‌ನ ನೆಲದ ಮೇಲೆ ಡಬ್ಬಿಯನ್ನು ತೊಡೆಗಿಟ್ಟು ಮಡಿಕೆ ಬಿಚ್ಚಿದಳು.

ಕೋಣೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಬ್ಯಾಗಜ್ಜಿ ತುದಿಗಾಲಿನಲ್ಲಿ ಬಂದಳು. ಕೂದಲು ಬಿಚ್ಚಿತ್ತು, ಹಲ್ಲಿನ ನಡುವೆ ಹೇರ್‌ಪಿನ್ನು. ಅವಳ ಕಣ್ಣು ನೇರ ರಟ್ಟಿನ ಕ್ಯಾಲೆಂಡರಿನ ಮೇಲೆ. ನೆಲದ ಮೇಲೆ ಕೂತ ರಟ್ಟಜ್ಜಿ ಅವಳಿಗೆ ಕಂಡದ್ದು ಪಿನ್ನನ್ನು ಬಾಗಿಲಂಚಿಗೆ ತೂರಿಸಿದ ಮೇಲೆಯೇ.

ಬ್ಯಾಗಜ್ಜಿ ಪಿನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಏನ್ ಮಾಡ್ತಿದೀರಿ ನೀವು?" ಎಂದಳು ಬ್ಯಾಗಜ್ಜಿ.

"ನೀವೇನ್ ಮಾಡ್ತಿದೀರಿ?"

"ಮೊದ್ಲು ನಾನು ಕೇಳಿದ್ದು."

"ನನ್ನ ಬಾಗಿಲು, ಮೊದ್ಲು ನಂಗೆ ಹೇಳಿ. ತಂಡಿ ಅಂದ್ಕೊಂಡಿದ್ದೆ, ನಿಮ್ಮ ಪಿನ್ನಾ ಅದು?"

ಬ್ಯಾಗಜ್ಜಿ ಕುರ್ಚಿಯಲ್ಲಿ ಕುಸಿದಳು, ಮುಖ ಸಿಂಡರಿಸಿಕೊಂಡೇ. "ಮತ್ತೇನ್ ಮಾಡ್ಲಿ? ಚಾಕಲೇಟ್ ನಂದು, ತಿನ್ನೋದು ಒಂದ್ನಿಮಿಷ. ರಾತ್ರಿ ಮಲಗಿದ್ಮೇಲೆ ಬರೀ ನಿಮ್ಮ ಪುರಾಣ! ಕುದುರೆಗೆ ಮೇಣದಬತ್ತಿ ಬಾಲ, ಸೌತೆಕಾಯಿಗೆ ಟೋಪಿ, ರಟ್ಟಜ್ಜಿ ಹಾಗಂದ್ಲು, ರಟ್ಟಜ್ಜಿ ಹೀಗಂದ್ಲು. ನಾಳೆ ಏನು ಬರುತ್ತೆ ಹೇಳು ಅಂತ ನನ್ನ ಪ್ರಾಣ ತಿಂತಾಳೆ. ತಪ್ಪು ಹೇಳಿದ್ರೆ, ನಿಂಗೆ ಗೊತ್ತಾಗಲ್ಲ ಬಿಡು, ರಟ್ಟಜ್ಜಿಗೆ ಗೊತ್ತಾಗುತ್ತೆ ಅಂತಾಳೆ. ಅದಕ್ಕೇ ಮೊದ್ಲೇ ನೋಡ್ಕೊಳ್ತೀನಿ. ಏನೀಗ?"

ಸೌತೆಕಾಯಿ. ಹುಡುಗಿ ಅದನ್ನು ನೋಡಿದ್ದಳು! ರಟ್ಟಜ್ಜಿಗೆ ನಗು ಉಕ್ಕಿ ಬಂತು, ತಡೆದುಕೊಂಡಳು. ಬೀಗತಿಯ ಮುಂದೆ ಬೇಗ ಕರಗಬಾರದು.

"ಈಗ ನಿಮ್ಮದು ಹೇಳಿ. ತಟ್ಟೆ ಹೊರಗೆ ಬಂದಿದೆಯಲ್ಲ, ಅಂದ್ರೆ ಆ ಇಲಿ..." ಎಂದಳು ಬ್ಯಾಗಜ್ಜಿ.

"ನಾನೇ" ಎಂದಳು ರಟ್ಟಜ್ಜಿ. "ಇವತ್ತು ವಾಪಸ್ ತುಂಬ್ತಾ ಇದೀನಿ."

ಬ್ಯಾಗಜ್ಜಿ ಡಬ್ಬಿಯನ್ನೂ ಚಾಕಲೇಟುಗಳನ್ನೂ ದಿಟ್ಟಿಸಿ ನೋಡಿ ಥಟ್ಟನೆ ಕೈಚಾಚಿದಳು. "ಅಯ್ಯೋ, ತುಂಬಬೇಡಿ! ತುಂಬಿದ್ರೆ ಯಾರು ನೋಡ್ತಾರೆ ಅದನ್ನ? ಇಲಿ ಬಂದ್ಮೇಲೇ ಅದಕ್ಕೊಂದು ಕಳೆ ಬಂದಿದ್ದು."

ಯಾರೂ ಯಾರಿಗೂ ಹೇಳಬಾರದು ಎಂದು ಒಪ್ಪಂದವಾಯಿತು. ಮಡಿಕೆ ಮತ್ತೆ ಅಂಟಿತು. ತಂದ ಚಾಕಲೇಟು ಮಿಕ್ಕಿತಲ್ಲ, ಇಬ್ಬರೂ ಎದುರು ಬದುರು ಕೂತು ತಿಂದರು. "ತೀರಾ ಸಿಹಿ" ಎಂದಳು ಒಬ್ಬಳು. "ನಂದು ಇದಕ್ಕಿಂತ ಒಳ್ಳೇ ಕಂಪನೀದು" ಎಂದಳು ಇನ್ನೊಬ್ಬಳು. ಅಷ್ಟು ಹೊತ್ತು ಅವರು ಬೀಗತಿಯರ ಹಾಗೆ ಇರಲಿಲ್ಲ, ಒಟ್ಟಿಗೆ ಸಿಕ್ಕಿಬಿದ್ದ ಸ್ಕೂಲು ಹುಡುಗಿಯರ ಹಾಗಿದ್ದರು.

ಊಟವಾಯಿತು. ರಟ್ಟಜ್ಜಿ ಹಾಲ್‌ನಲ್ಲಿ ಹಾಸಿಗೆ ಕೊಡವುತ್ತಿದ್ದಳು. ಕೋಣೆಯ ಬಾಗಿಲು ಅಂದು ಸ್ವಲ್ಪ ತೆರೆದೇ ಇತ್ತು.

"ಅಜ್ಜೀ, ನಾಳೆ ರಟ್ಟಿನ ಬಾಗಿಲಲ್ಲಿ ಏನಿರುತ್ತೆ ಹೇಳು."

"ತಾಳು ಪುಟ್ಟಾ, ಕಣ್ಣು ಮುಚ್ಕೊಳ್ತೀನಿ... ಮಸುಕು ಮಸುಕು... ಹಾಂ, ಅರ್ಧ ಮೀನು! ಇನ್ನರ್ಧ... ಗಡಿಯಾರ!"

"ನೀನು ಹೇಳಿದ್ದು ಈಗೀಗ ದಿನಾ ಸರಿ ಇರುತ್ತೆ! ನೀನು ರಟ್ಟಜ್ಜಿಗಿಂತ ಜಾಣೆ!"

ರಟ್ಟಜ್ಜಿಯ ಕೈಯಲ್ಲಿ ದಿಂಬು ನಿಂತಿತು. ಒಪ್ಪಂದ ಆಗಿದ್ದು ಹೇಳಬಾರದು ಅಂತ ಮಾತ್ರ.

ಅವಳು ಅಡುಗೆಮನೆಗೆ ಹೋಗಿ ಗೂಡಿನ ಸಾಮಾನು ಸರಿಸಿ, ಹಾಸಿದ್ದ ಚಿತ್ರದ ಹಾಳೆಯನ್ನು ಎಳೆದಳು. ಕತ್ತರಿ ತೆಗೆದು ಅದರಲ್ಲಿದ್ದ ಕೆಟಲ್ಲಿನ ಮೂತಿಯ ಕಡೆಯ ಅರ್ಧವನ್ನು ಕತ್ತರಿಸಿದಳು. ಹಾಲ್‌ಗೆ ಬಂದು ನಾಳೆಯ ಬಾಗಿಲನ್ನು ಉಗುರಿನಿಂದ ಎತ್ತಿ, ಮೀನನ್ನು ಹಾಗೆಯೇ ಬಿಟ್ಟು, ಗಡಿಯಾರದ ಮೇಲೆ ಕೆಟಲ್ಲನ್ನು ಕೂರಿಸಿ ಅಂಟಿಸಿದಳು. ಬಾಗಿಲು ಮುಚ್ಚಿ, ಅಂಚು ತುಟಿ ಎತ್ತದ ಹಾಗೆ ಚಪ್ಪಟೆ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ದೀಪ ಆರಿಸಿ ಮಲಗಿದಳು.