ಮೋಟರು ಒಪ್ಪದ ಕೈ

ಸತ್ತವರು ಮೋಟರು ಹಾಕಲು ಬಿಡುತ್ತಿಲ್ಲ ಎಂಬ ದೂರು ಬಂದ ದಿನ ನಾನು ಫೋನಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆ. ಪಾಂಡವಪುರದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ತೋಟದ ಮೋಟರನ್ನು ಮೊಬೈಲಿನಿಂದಲೇ ಹಾಕಿ ಆರಿಸುವ ಡಬ್ಬವನ್ನು ಅಲ್ಲಿ ಮಾಡುತ್ತೇವೆ. ಡಬ್ಬ ತೋಟದಲ್ಲಿರುತ್ತದೆ, ಮೊಬೈಲು ರೈತರ ಕೈಯಲ್ಲಿರುತ್ತದೆ. ನಡುವೆ ಇರುವುದು ಕ್ಲೌಡು, ಅಂದರೆ ದೂರದ ಯಾವುದೋ ಊರಲ್ಲಿ ನಾವು ಬಾಡಿಗೆಗೆ ಹಿಡಿದ ಕಂಪ್ಯೂಟರು. ಅದು ನನ್ನ ಪಾಲಿನ ಕೆಲಸ. ಯಾರಿಗೆ ಯಾವ ಮೋಟರು ಮುಟ್ಟುವ ಹಕ್ಕಿದೆ ಎಂದು ನೋಡಲು ಅಲ್ಲೊಬ್ಬ ಕಾವಲುಗಾರನಿದ್ದಾನೆ. ಮನುಷ್ಯನಲ್ಲ, ಅವನೂ ಒಂದು ಪ್ರೋಗ್ರಾಮು. ನಾನು ಸೇರುವ ಮುಂಚೆಯೇ ಯಾರೋ ಕೂರಿಸಿ ಹೋಗಿದ್ದರು. ಹಕ್ಕಿಲ್ಲದವರು ಬಂದರೆ ಅವನು ಒಳಗೆ ಬಿಡುವುದಿಲ್ಲ. ಆಗ ಮೊಬೈಲು "ನಿಮಗೆ ಅನುಮತಿ ಇಲ್ಲ" ಎಂದು ಬಾಯಿ ಬಿಟ್ಟು ಹೇಳುತ್ತದೆ.

ಆ ದನಿ ನಮ್ಮ ಅಬ್ಬಾನದು. ಶ್ರೀರಂಗಪಟ್ಟಣದಲ್ಲಿ ಅವರದು ಮೋಟರು ವೈಂಡಿಂಗ್ ಅಂಗಡಿ. ಓದಲು ಬಾರದ ರೈತರಿಗೂ ತಿಳಿಯಲಿ ಎಂದು ಅಂಗಡಿಯಲ್ಲೇ ಕೂರಿಸಿ ಈ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಬೀಡಿ ಸೇದಿ ಸೇದಿ ಒಡೆದ ಗಂಟಲು. ಮನೆಯಲ್ಲಿ ಯಾರಿಗೂ ಏನೂ ಬೇಡ ಅನ್ನದ ಮನುಷ್ಯ ಡಬ್ಬದೊಳಗೆ ಕೂತು ಊರಿನವರಿಗೆಲ್ಲ ಬೇಡ ಅನ್ನುತ್ತಾರೆ ಎಂದು ನಾವು ರೇಗಿಸುತ್ತಿದ್ದೆವು.

ದೂರು ಕೊಟ್ಟವರು ನಾಗಮಂಗಲದ ಕಡೆಯ ಒಬ್ಬ ಅಕ್ಕ. ಗಂಡ ಹೃದಯ ನಿಂತು ತೀರಿಕೊಂಡು ಕೆಲವು ತಿಂಗಳಾಗಿತ್ತು. ಅವರ ಹೆಸರು ತೆಗೆದು ಹೆಂಡತಿಯ ಹೆಸರಿಗೂ ಮೈದುನನ ಹೆಸರಿಗೂ ಅನುಮತಿ ಬರೆದಿದ್ದೆವು. ಮೈದುನ ಕೆ.ಆರ್. ಪೇಟೆಯ ತನ್ನ ಬಟ್ಟೆ ಅಂಗಡಿಯಲ್ಲಿ ಕೂತೇ ಬೆರಳು ಒತ್ತಿದರೆ ಮೋಟರು ಓಡುತ್ತದೆ. ತೋಟದಲ್ಲೇ ನಿಂತ ಅಕ್ಕ ಒತ್ತಿದರೆ, ಅನುಮತಿ ಇಲ್ಲ.

ಕಚೇರಿಯಲ್ಲಿ ಕೂತು ಅಕ್ಕನ ಅನುಮತಿಯಿಂದಲೇ ನಾನು ಪರೀಕ್ಷೆ ಮಾಡಿದೆ. ಮೋಟರು ಹಾಕು ಎಂದೆ, ಹಾಕಿತು. ಎಲ್ಲ ಸರಿಯಿದೆ ಎಂದು ಫೋನು ಮಾಡಿ ಹೇಳಿದೆ. ಮರುದಿನ ಮತ್ತೆ ಅದೇ ದೂರು. ಮತ್ತೆ ಪರೀಕ್ಷೆ, ಮತ್ತೆ ಸರಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಗಿತ್ತು. ಪೂಜಾರಿ ಮಾತ್ರ ನನ್ನ ಮುಂದೆ ಸಾಚಾ, ಅಕ್ಕನ ಮುಂದೆ ಮೊಂಡ. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

"ಮೋಟರ್ ಸುಟ್ಟರೆ ವಾಸನೆ ಬರ್ತದೆ ಬೇಟಿ," ಎಂದರು ಅಬ್ಬಾ. "ನಿನ್ನ ಕ್ಲೌಡು ಕೆಟ್ಟರೆ ಏನು ಬರ್ತದೆ?"

ಏನೂ ಬರುವುದಿಲ್ಲ ಎಂದೆ. ಅದೇ ಅದರ ಭಯ.

ಕೊನೆಗೆ ಅಕ್ಕನೇ ಫೋನು ಮಾಡಿದರು. "ನೀನು ಒಂದ್ಸಲ ಬಂದೋಗವ್ವ. ಈ ಅಮಾಸೆ ಕಳುದ್ರೆ ತೋಟನ ಮೈದ್ನಂಗೆ ವಾರಕ್ಕೆ ಬುಟ್ಕೊಡ್ಬೇಕು ಅಂತ ಊರೋರು ಯೋಳ್ಬುಟ್ಟವ್ರೆ. ನಮ್ಮೋರೇ ಒಪ್ದೆ ಇರ್ವಾಗ ನಾನೆಂಗೆ ಮಾಡ್ಲಿ?" ವಾರಕ್ಕೆ ಬಿಟ್ಟರೆ ಬೆಳೆಯಲ್ಲಿ ಅರ್ಧ ಸಿಗುತ್ತದೆ, ನೆಲದ ಮೇಲಿನ ಕೈ ಹೋಗುತ್ತದೆ. ಹಿಪ್ಪುನೇರಳೆ ಅವರೇ ನೆಟ್ಟದ್ದು, ರೇಷ್ಮೆ ಹುಳು ಅವರೇ ಸಾಕುವುದು. ನನಗೆ ನಗು ಬರಲಿಲ್ಲ.

ಹೋದ ದಿನ ಬೆಳಿಗ್ಗೆ ಮಂಜು. ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದಾಗ ಕರಿಘಟ್ಟದ ಬೆಟ್ಟವೇ ಕಾಣುತ್ತಿರಲಿಲ್ಲ. ತೋಟ ಮುಟ್ಟಿದಾಗಲೂ ಮಂಜು ಎದ್ದಿರಲಿಲ್ಲ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅಕ್ಕ ನನ್ನನ್ನು ಮೊದಲು ಹುಳುಮನೆಗೆ ಕರೆದುಕೊಂಡು ಹೋದರು. ಹುಳು ಎಲೆ ತಿನ್ನುವ ಸದ್ದು ಕೇಳಬೇಕಾದ ಕಡೆ ಗಪ್‌ಚಿಪ್. "ಜ್ವರಕ್ಕೆ ಕೂತವೆ," ಎಂದರು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಸುಮ್ಮನಾಗುತ್ತದೆ. ತಟ್ಟೆ ತಟ್ಟೆಯ ತುಂಬ ಸಾವಿರಾರು ಹುಳು ತಲೆ ಎತ್ತಿಕೊಂಡು, ಯಾರದೋ ಮಾತಿಗೆ ಕಿವಿಗೊಟ್ಟ ಹಾಗೆ, ಒಂದೇ ಕಡೆ ನೋಡುತ್ತಿದ್ದವು. ಬೇಗ ಹೊರಗೆ ಬಂದೆ.

ಮೈದುನನೂ ಬಂದಿದ್ದ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾನೇನು ಕಿತ್ಕಳಕೆ ಬಂದಿಲ್ಲ ಮೇಡಮ್ಮೋರೆ," ಎಂದ. "ಬದುಕಿದ್ದಾಗ ಅಣ್ಣ ಅತ್ಗೇನ ಸ್ಟಾರ್ಟರ್ ಮುಟ್ಟಾಕೂ ಬುಡ್ತಿರ್ನಿಲ್ಲ, ಕರೆಂಟು ಒಡ್ದಾತು ಅಂತ. ಈಗ್ಲೂ ಬುಡ್ತಿಲ್ಲ, ಅಷ್ಟೆಯಾ."

ತೆಂಗಿನ ಮರದ ಕೆಳಗೆ ನಿಂತು ಅಕ್ಕ ಮೊಬೈಲು ತೆಗೆದರು. ತೊಟ್ಟಿಯ ನೀರು ತೋರಿಸುವ ನೀಲಿ ಪಟ್ಟಿ ತೆರೆದು ನೋಡಿದರು. ಮೊಬೈಲಿಗೇ ಕೈ ಮುಗಿದರು. ಆಮೇಲೆ ಮೋಟರಿನ ಗುರುತು ಒತ್ತಿದರು.

"ನಿಮಗೆ ಅನುಮತಿ ಇಲ್ಲ."

"ಕೇಳುಸ್ತಾ?" ಎಂದರು ಅಕ್ಕ. "ಅವ್ರುದೇ ಗಂಟ್ಲು ಕಣವ್ವ."

ಅದು ನಮ್ಮ ಅಬ್ಬಾನ ಗಂಟಲು ಅಕ್ಕ, ಅವರು ಈಗ ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದಾರೆ ಎಂದು ಹೇಳಿದೆ. ಆದರೂ ಹುಟ್ಟಿದಾಗಿನಿಂದ ಕೇಳಿದ ದನಿ, ಆ ಮಂಜಿನಲ್ಲಿ ನನಗೂ ಅಬ್ಬಾನದು ಅನಿಸಲಿಲ್ಲ.

ಅಕ್ಕ ಒಳಗೆ ಹೋಗಿ ಕಾಫಿ ತಂದರು. ಕುಡಿದು ಲೋಟ ಇಟ್ಟು, ಅವರದೇ ಮೊಬೈಲು ಇಸಿದುಕೊಂಡು ನಾನು ಮೋಟರಿನ ಗುರುತು ಒತ್ತಿದೆ. ಗುಂಯ್ ಎಂದು ಓಡಿತು.

ಅದೇ ಮೊಬೈಲು, ಅದೇ ಅನುಮತಿ, ಅದೇ ನೆಲ. ನನ್ನ ಕೈಗೆ ಹೂಂ, ಅವರ ಕೈಗೆ ಉಹೂಂ. ಮೈದುನ ಅಣ್ಣನ ಸಮಾಧಿ ಇದ್ದ ಬದುವಿನ ಕಡೆ ನೋಡಿದ. ಭೂತಪ್ರೇತ ನಂಬುವವಳಲ್ಲ ನಾನು. ಆದರೂ ಬಾಯಲ್ಲಿ ಕಲಮಾ ಓಡುತ್ತಿತ್ತು.

ಮೋಟರು ಓಡುತ್ತಿರುವಾಗಲೇ ಅಕ್ಕ ಮೊಬೈಲು ವಾಪಸು ಇಸಿದುಕೊಂಡು ನೀಲಿ ಪಟ್ಟಿ ಒತ್ತಿದರು.

"ನಿಮಗೆ ಅನುಮತಿ ಇಲ್ಲ."

"ಅಯ್ಯೋ, ಈಗ ನೀರ್ನೂ ತೋರ್ಸಾಕಿಲ್ಲ ಅಂತಾವ್ರೆ!" ಎಂದು ಕುಸಿದು ಕೂತರು.

ನಾನು ಕೂರಲಿಲ್ಲ. ಇಷ್ಟು ದಿನ ನೀರು ತೋರಿಸಿ ಮೋಟರು ತಡೆಯುತ್ತಿದ್ದವನು ಈಗ ಮೋಟರು ಬಿಟ್ಟು ನೀರು ತಡೆದಿದ್ದ. ಸಿಟ್ಟೇ ಇದ್ದರೆ ಎರಡನ್ನೂ ತಡೆಯಬೇಕಿತ್ತಲ್ಲ? "ಅಕ್ಕ, ಯಾವಾಗ್ಲೂ ನೀರು ನೋಡೇ ಮೋಟರು ಹಾಕ್ತೀರಾ?" ಎಂದು ಕೇಳಿದೆ.

"ಊಂ ಮತ್ತೆ. ಗಂಗವ್ವನ ಮಖ ನೋಡಿ ಕೈ ಮುಗೀದೆ ನೀರೆತ್ತಾರಾ? ನಮ್ಮವ್ವ ಬಾವಿತಾವ ಅಂಗೇ ಮಾಡ್ತಿದ್ಲು."

ಮೈದುನನ ಕಡೆ ತಿರುಗಿದೆ. "ನೀವು?"

"ಯಾಪಾರದ ಮಧ್ಯ ಎಲ್ಲಿ ಕೈ ಮುಗಿಯಾದು? ಒತ್ಬುಡ್ತೀನಿ," ಎಂದ.

ನಾನೂ ಒತ್ತಿಬಿಡುವವಳೇ. ಅಲ್ಲಿಗೆ ಗೊತ್ತಾಯಿತು. ನೀರು ನೋಡುವುದಕ್ಕೊಂದು, ಮೋಟರು ಹಾಕುವುದಕ್ಕೊಂದು, ಹೀಗೆ ಕ್ಲೌಡಿನಲ್ಲಿ ಕೆಲಸಕ್ಕೊಂದು ಬಾಗಿಲಿದೆ. ಎಪಿಐ ಅನ್ನುವುದು ಅದಕ್ಕೇ. ಯಾರಾದರೂ ಮೊದಲು ಯಾವ ಬಾಗಿಲಿಗೆ ಬಂದರೂ ಕಾವಲುಗಾರ ಒಳಗೆ ಕೇಳಿಕೊಂಡು ಬರುತ್ತಾನೆ. ಪದೇ ಪದೇ ಕೇಳುವ ತಾಪತ್ರಯ ಬೇಡವೆಂದು ಬಂದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಾನೆ. ನಮ್ಮ ಕಸುಬಿನಲ್ಲಿ ಅದಕ್ಕೆ ಕ್ಯಾಶ್ ಅನ್ನುತ್ತಾರೆ. ನಮ್ಮವನು ನೆನಪಿಟ್ಟಿದ್ದು ಆ ಮೊದಲ ಬಾಗಿಲಿನ ಉತ್ತರವನ್ನು ಮಾತ್ರ, ಮಿಕ್ಕ ಬಾಗಿಲಿಗೆ ಮತ್ತೆ ಕೇಳುತ್ತಲೂ ಇರಲಿಲ್ಲ. ಜಗಲಿಗೆ ಬರಲಿ ಎಂದು ಯಜಮಾನಿ ಹೇಳಿದ್ದನ್ನೇ ಹಿಡಿದು, ಬಂದವರು ಅಡುಗೆಮನೆಗೆ ಕಾಲಿಟ್ಟರೆ ಅಡ್ಡ ನಿಲ್ಲುವ ಆಳಿನ ಹಾಗೆ. ನೀರು ನೋಡಿದವರಿಗೆ ನೀರಷ್ಟೇ, ಮೋಟರು ಒತ್ತಿದವರಿಗೆ ಮೋಟರಷ್ಟೇ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅವನು ಎಲ್ಲ ಮರೆಯುತ್ತಾನೆ. ಆಮೇಲೆ ಯಾರು ಮೊದಲು ಏನು ಕೇಳುತ್ತಾರೋ ಅದೇ ನ್ಯಾಯ. ನೀರಿಗೆ ಮರ್ಯಾದೆ ಕೊಟ್ಟ ಒಬ್ಬರೇ ಹೆಂಗಸು ತಡೆಸಿಕೊಂಡಿದ್ದರು. ನನಗೆ ಆ ಕಾವಲುಗಾರನ ಮೇಲೆ ಎಂಥ ಕೋಪ ಬಂತೆಂದರೆ, ಮನುಷ್ಯನಾಗಿದ್ದರೆ ಚಪ್ಪಲಿ ತೆಗೆಯುತ್ತಿದ್ದೆ.

ಹುಳುಮನೆಯ ಕಟ್ಟೆ ಮೇಲೆ ಲ್ಯಾಪ್‌ಟಾಪು ಇಟ್ಟು ತಿದ್ದಿದೆ. ಈ ಅನುಮತಿ ಇರುವವರಿಗೆ ಯಾವ ಯಾವ ಬಾಗಿಲು ಸಲ್ಲುತ್ತದೋ ಅಷ್ಟನ್ನೂ ಒಟ್ಟಿಗೇ ನೆನಪಿಟ್ಟುಕೋ ಎಂದು ಬರೆದೆ. ಹಳೆಯ ನೆನಪು ಪೂರ್ತಿ ಅಳಿಸಿಹಾಕಿದೆ. ಮೈದುನನ ಕೈಯಲ್ಲಿ ಮೋಟರು ಆರಿಸಿ, ಅಕ್ಕನಿಗೆ ಎಂದಿನ ಹಾಗೇ ಮಾಡಿ ಎಂದೆ.

ಅವರು ನೀಲಿ ಪಟ್ಟಿ ನೋಡಿದರು. ಕೈ ಮುಗಿದರು. ಒತ್ತಿದರು. ಯಾವ ದನಿಯೂ ಬರಲಿಲ್ಲ. ಮೋಟರು ಓಡಿತು, ಪೈಪು ಕೆಮ್ಮಿ ನೀರು ಉಗುಳಿತು.

ಮೈದುನ ಬಹಳ ಹೊತ್ತು ನೀರನ್ನೇ ನೋಡಿದ. "ನೀವೇ ಮಾಡ್ಕಳಿ ಅತ್ಗೆ. ಊರೋರ್ಗೆ ನಾನೇ ಯೋಳ್ತೀನಿ," ಎಂದು ಬೈಕು ಹತ್ತಿ ಹೋದ. ತೋಟ ಉಳಿಯಿತು. ನನಗೆ ಕುಣಿಯುವಷ್ಟು ಖುಷಿ.

ಅಕ್ಕ ಮಾತ್ರ ಅಲ್ಲಾಡಲಿಲ್ಲ. ಮತ್ತೆ ಒತ್ತಿದರು, ಮೋಟರು ನಿಂತಿತು. ಮತ್ತೆ ಒತ್ತಿದರು, ಓಡಿತು. ಮೊಬೈಲನ್ನು ಕಿವಿಗೆ ಹಿಡಿದು ಕೇಳಿದರು.

"ಇನ್ಮೇಲೆ ಏನೂ ಅನ್ನಾಕಿಲ್ವಾ?"

"ಇಲ್ಲ ಅಕ್ಕ. ಸರಿ ಹೋಯ್ತು."

"ಅವ್ರಲ್ವಾ ಅಂಗಾರೆ ಇಷ್ಟ್ ದಿನ ಅಂದಿದ್ದು?"

"ಅಲ್ಲ ಅಕ್ಕ."

"ಕರೆಂಟಿಲ್ದೆ ಇದ್ದಾಗ್ಲೂ ಒತ್ತುತಿದ್ದೆ ಕಣವ್ವ ನಾನು," ಎಂದರು. "ಬ್ಯಾಡ ಅನ್ನಾದ್ನಾರ ಕೇಳಾವ ಅಂತವ." ಮೊಬೈಲನ್ನು ಕಿವಿಯಿಂದ ಇಳಿಸಿದರು. "ಇವತ್ತು ಒಂಟೋದ್ರು ನಮ್ಮೋರು."

ಸೆರಗು ಬಾಯಿಗೆ ತುರುಕಿಕೊಂಡು, ಸಾವಿನ ಮನೆಯಲ್ಲಿ ಅಳುವ ಹಾಗೆ ಅಳತೊಡಗಿದರು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ನೀರು ಪಾತಿ ತುಂಬಿ ದಾರಿಗೆ ಹರಿಯುತ್ತಿತ್ತು. ಮೋಟರು ಆರಿಸಬೇಕೆಂದು ನಮ್ಮಿಬ್ಬರಿಗೂ ತೋಚಲಿಲ್ಲ.