ಪೂಜೆಗೆ ಕೂತ ಹಾರ್ಡ್ ಡಿಸ್ಕ್

ಪೀಣ್ಯದ ನಮ್ಮ ಡೈ, ಅಂದರೆ ಲೋಹದ ಅಚ್ಚು, ತಯಾರಿಸುವ ಶೆಡ್ ಈಗ ಯಾರದೋ ಗೋಡೌನ್. ಆಗ ಅಲ್ಲಿ ಆಯುಧಪೂಜೆ ಎಂದರೆ ಲೇತ್ ಮೆಷಿನ್‌ನಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲಕ್ಕೂ ಕುಂಕುಮ. ನಾನು ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ, ರಿಟೈರ್‌ಮೆಂಟ್ ಹತ್ತಿರದಲ್ಲಿತ್ತು. ಹಬ್ಬ ಮುಗಿಸಿ ಬಂದ ಬೆಳಿಗ್ಗೆ ಸರ್ವರ್ ನೋಡಿದರೆ ಡ್ರಾಯಿಂಗ್‌ಗಳ ಫೋಲ್ಡರ್ ಕಂಪ್ಲೀಟ್ ಖಾಲಿ.

ಡ್ರಾಯಿಂಗ್ ಮಾಡುವ ಹುಡುಗಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು, ತುಂಬು ಬಸುರಿ. ಆ ಸಂಜೆ ತುಮಕೂರಿಗೆ, ತವರಿಗೆ ಹೊರಡಬೇಕಿತ್ತು. ತಿಂಗಳುಗಟ್ಟಲೆ ಮಾಡಿದ ಡ್ರಾಯಿಂಗ್ ಹೋಗಿದ್ದರೆ ಎಲ್ಲವನ್ನೂ ಮತ್ತೆ ಮಾಡಿಕೊಟ್ಟೇ ಹೋಗಬೇಕು.

ಅವಳ ಕೆಲಸವೆಲ್ಲ ಒಂದು ಪುಟ್ಟ ಹಾರ್ಡ್ ಡಿಸ್ಕಿನಲ್ಲಿ. ದಿನಾ ಸಂಜೆ ಶೆಲ್ ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಂ ತಾನಾಗಿ ಓಡಿ, ಡಿಸ್ಕಿನಲ್ಲಿದ್ದುದನ್ನು ಸರ್ವರ್‌ಗೆ ಕಾಪಿ ಮಾಡಿ, ಡಿಸ್ಕಿನಲ್ಲಿ ಇಲ್ಲದ್ದನ್ನು ಸರ್ವರ್‌ನಿಂದಲೂ ಅಳಿಸುತ್ತಿತ್ತು. ಆದರೆ ಈಗ ಡಿಸ್ಕೇ ಜಾಗದಲ್ಲಿರಲಿಲ್ಲ.

“ದೇವ್ರ ಮುಂದೆ ಇಟ್ಟಿದ್ದೀನಿ ಮೇಡಂ,” ಎಂದರು ಫೋರ್‌ಮನ್. “ಅದೂ ದುಡಿಯೋ ಸಾಮಾನೇ ಅಲ್ವಾ?”

ಚೆಂಡುಹೂವಿನ ರಾಶಿಯ ಅಡಿಯಲ್ಲಿ, ಇನ್ನೂ ಆರದ ಒದ್ದೆ ಕುಂಕುಮ ಮೆತ್ತಿಕೊಂಡು ಕೂತಿತ್ತು.

“ನೀರೂ ಹಾಕಿದ್ರಾ ಅಣ್ಣ?” ಎಂದಳು ಹುಡುಗಿ.

“ಒಂಚೂರು ಚಿಮುಕಿಸ್ದೆ ಅಷ್ಟೇ ಕಣಮ್ಮ.”

“ಸದ್ಯ, ಹುಣಸೆಹಣ್ಣು ಹಾಕಿ ತಿಕ್ಕಲಿಲ್ವಲ್ಲ.”

ಅವಳ ನಗು ಅರ್ಧಕ್ಕೇ ನಿಂತಿತು. ಡಿಸ್ಕನ್ನು ಒರೆಸಿ ಕಿಟಕಿಯ ಬಿಸಿಲಿಗಿಟ್ಟೆವು. ಅದು ಒಣಗುವವರೆಗೆ ನಾನು ಸ್ಕ್ರಿಪ್ಟ್ ತೆರೆದು ಓದಿದೆ. ಹೊರಗಿನ ಇಂಜಿನಿಯರ್ ಬರೆದುಕೊಟ್ಟದ್ದು. ಮೊದಲ ಕಂಡೀಷನ್ನೇ ಯಡವಟ್ಟು. ಡಿಸ್ಕ್ ಚುಚ್ಚಿದಾಗ ಅದರ ಫೈಲುಗಳು ಕಾಣಿಸಲೆಂದು ಕಂಪ್ಯೂಟರಿನಲ್ಲಿ ಮಾಡಿಟ್ಟ ಫೋಲ್ಡರ್ ಇದೆಯೇ ಎಂದಷ್ಟೇ ಕೇಳುತ್ತಿತ್ತು. ಡಿಸ್ಕ್ ಕಿತ್ತರೂ ಆ ಫೋಲ್ಡರ್ ಖಾಲಿಯಾಗಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಉತ್ತರ ‘ಟ್ರೂ’, ಅಂದರೆ ಇದೆ. ಖಾಲಿ ಫೋಲ್ಡರನ್ನು ನೋಡಿಕೊಂಡು ಸ್ಕ್ರಿಪ್ಟ್ ಅಷ್ಟೇ ಶ್ರದ್ಧೆಯಿಂದ ಸರ್ವರನ್ನೂ ಖಾಲಿ ಮಾಡಿತ್ತು.

ಮಧ್ಯಾಹ್ನ ಊಟ ಯಾರಿಗೂ ಸೇರಲಿಲ್ಲ. ಕೊನೆಗೆ ಅವಳೇ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದಳು. ಸಣ್ಣ ದೀಪ ಮಿನುಗಿತು, ಒಳಗೆ ಏನೋ ತಿರುಗಿದ ಸದ್ದು. ಸ್ಕ್ರೀನಿನ ಮೇಲೆ ಡ್ರಾಯಿಂಗ್‌ಗಳು ಒಂದೊಂದಾಗಿ ಸಾಲಾಗಿ ಬಂದವು. ಥ್ಯಾಂಕ್ ಗಾಡ್ ಎಂದೆ. ಫೋರ್‌ಮನ್ ಕಣ್ಣು ಮುಚ್ಚಿ ಕೈ ಮುಗಿದರು. ಅವಳು ಕುರ್ಚಿಗೆ ಒರಗಿ, “ಅಮ್ಮಾ,” ಎಂದು ಉಸಿರು ಬಿಟ್ಟಳು.

ಎಲ್ಲವನ್ನೂ ಸರ್ವರ್‌ಗೆ ಕಾಪಿ ಮಾಡಿ, ಕಂಡೀಷನ್ ಬದಲಿಸಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಬೆಂಚು ನೋಡಿ ಅಟೆಂಡೆನ್ಸ್ ಹಾಕುತ್ತಿರಲಿಲ್ಲ. ಕೂತವಳು ‘ಪ್ರೆಸೆಂಟ್’ ಅನ್ನಬೇಕಿತ್ತು. ‘ಪ್ರೆಸೆಂಟ್’ ಎಂಬ ಹೆಸರಿನದೇ ಒಂದು ಪುಟ್ಟ ಫೈಲನ್ನು ಡಿಸ್ಕಿನೊಳಗೆ ಇಟ್ಟೆ. ಆ ಫೈಲ್ ಕಂಡರೆ ಮಾತ್ರ ಮುಂದಿನ ಸಾಲು, ಇಲ್ಲದಿದ್ದರೆ ಅಲ್ಲಿಗೇ ಸ್ಟಾಪ್.

“ನಾನು ನೋಡ್ದೆ ಹೋಗಲ್ಲ ಮೇಡಂ,” ಎಂದು ಅವಳೇ ಡಿಸ್ಕ್ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಸ್ಕ್ರಿಪ್ಟ್ ಓಡಿಸಿದೆ. ಏನನ್ನೂ ಮುಟ್ಟದೆ ನಿಂತಿತು. ಅವಳು ಸರ್ವರ್‌ನಲ್ಲಿ ಇನ್ನೊಮ್ಮೆ ನೋಡಿದಳು. ಎಲ್ಲ ಇದ್ದಲ್ಲೇ ಇತ್ತು. ಡಿಸ್ಕನ್ನು ನನ್ನ ಕೈಗಿಟ್ಟು, ಬ್ಯಾಗ್ ಹೆಗಲಿಗೇರಿಸಿ, ತುಮಕೂರು ಬಸ್ಸಿಗೆ ಹೊರಟಳು.