ಮಳೆಗೆ ಮೊದಲೇ ಅರಳಿದ ಹೂವು

ದಿನಕ್ಕೆ ಇಪ್ಪತ್ತು ಮೂವತ್ತು ಜನರ ರಕ್ತ ತೆಗೆಯುವುದು ನನ್ನ ಕೆಲಸ. ಈ ಊರಿಗೆ ಬಂದ ಎರಡನೇ ದಿನವೇ ನನ್ನ ರಕ್ತವನ್ನು ಯಾರೋ ತೆಗೆದುಬಿಟ್ಟಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡುತ್ತೇನೆ, ಮೊಣಕಾಲಿನಿಂದ ಕೆಳಗೆ ಬಿಳಿ ಸಲ್ವಾರೆಲ್ಲ ಕೆಂಪು. ನೋವಿಲ್ಲ, ಗಾಯ ಕಾಣುತ್ತಿಲ್ಲ. ನಾನು ಕಿರುಚಿದ್ದಕ್ಕೆ ಸರದಿಯಲ್ಲಿ ಕೂತಿದ್ದ ಹೆಂಗಸೊಬ್ಬರು ಎದ್ದು ಬಂದು, ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ನನ್ನ ಕಾಲಿಗೆ ಹಚ್ಚಿದರು. "ಇಂಬಳ ಅಷ್ಟೆ ಮೇಡಮ್ಮ. ಹೊಟ್ಟೆ ತುಂಬ್ತು, ಬಿದ್ದೋಯ್ತು" ಎಂದರು. ಜಿಗಣೆಗೆ ಇಲ್ಲಿ ಇಂಬಳ ಎನ್ನುತ್ತಾರೆ. ಆ ಹೆಂಗಸಿನ ಹೆಸರು ಗಿರಿಜಕ್ಕ. ಊರಿನ ಕೆಳಗಿರುವ ದೊಡ್ಡ ಎಸ್ಟೇಟಿನ ಲೈನಿನವರು. ಲೈನ್ ಎಂದರೆ ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳು. ಈ ಊರಿನಲ್ಲಿ ನನ್ನನ್ನು ಮೊದಲು ಮುಟ್ಟಿ ಸಮಾಧಾನ ಮಾಡಿದವರು ಅವರೇ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮರೆತೆ.

ಊರು ಮಲೆನಾಡಿನ ಗೋಣಿಬೀಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಒಳಗಿದೆ. ಬಯಲುಸೀಮೆಯ ನಮ್ಮ ಇಂಡಿ ಕಡೆಯ ನೆಲದಲ್ಲಿ ನಿಂತರೆ ಎರಡು ಮೈಲಿ ಆಚೆ ಬರುವವನ ನಡಿಗೆ ನೋಡಿ ಇಂಥವನೇ ಎಂದು ಹೇಳಬಹುದು. ಇಲ್ಲಿ ಒಂದು ಮನೆ ಬಿಟ್ಟರೆ ಇನ್ನೊಂದು ಯಾವ ಕಡೆಗಿದೆ ಎನ್ನುವುದೇ ನನಗೆ ತಿಂಗಳವರೆಗೆ ಗೊತ್ತಾಗಲಿಲ್ಲ. ಎಲ್ಲ ಕಡೆ ಮರ, ಮರದ ಕೆಳಗೆ ಕಾಫಿ, ಕಾಫಿ ನಡುವೆ ಎಲ್ಲೋ ಒಂದು ನಾಯಿ ಬೊಗಳುತ್ತದೆ. ಮೊದಲ ಮಳೆಗಾಲ ನಾನು ಅತ್ತದ್ದು ಮಳೆಗಲ್ಲ, ರೊಟ್ಟಿಗೆ. ಜೋಳದ ಹಿಟ್ಟು ಕೇಳಿದರೆ ಅಂಗಡಿಯವರು ಮೆಕ್ಕೆಜೋಳದ್ದು ಕೊಟ್ಟರು. ಅವ್ವ ಬಸ್ಸಿಗೆ ಹಾಕಿ ಕಳಿಸಿದ ಹಿಟ್ಟು ಎಂಟೇ ದಿನಕ್ಕೆ ಮುಗ್ಗಲು ಹಿಡಿಯಿತು.

ನನ್ನನ್ನು ಅಲ್ಲಿಂದ ಎತ್ತಿದವರು ಸುಮಿತ್ರಕ್ಕ. ರಸ್ತೆ ಪಕ್ಕದಲ್ಲಿ ಅವರ ಮನೆ, ಮನೆಗೆ ಅಂಟಿಕೊಂಡ ಕೋಣೆ ನನ್ನದು. ಗಂಡ ಹೆಂಡತಿ ಇಬ್ಬರೇ, ಹಳ್ಳದ ಪಕ್ಕ ಆರು ಎಕರೆ ತೋಟ. ಮೊದಲ ವಾರ "ಕಡುಬು ಮಾಡಿದೀನಿ, ಬಾ ಮಾದೇವಿ" ಎಂದು ಕರೆದರು. ನಮ್ಮ ಕಡೆ ಕಡಬು ಎಂದರೆ ಹೂರಣ ತುಂಬಿದ್ದು. ಬಾಯಲ್ಲಿ ನೀರೂರಿಸಿಕೊಂಡು ಹೋದರೆ ತಟ್ಟೆಯಲ್ಲಿ ಅಕ್ಕಿಯ ಬಿಳಿ ಉಂಡೆ, ಪಕ್ಕದಲ್ಲಿ ಖಾರದ ಸಾರು. ನನ್ನ ಮುಖ ನೋಡಿ ಅವರು ಕೂತಲ್ಲೇ ನಕ್ಕರು. ಆಮೇಲೆ ನಾನು ಸಿಹಿ ಕಡಬು ಮಾಡಿ ಬಡಿಸಿದೆ, ಅವರು ಅದಕ್ಕೆ ಸಾರು ಹಾಕಿಕೊಂಡು ಸೇಡು ತೀರಿಸಿಕೊಂಡರು. ಮೂರು ವರ್ಷ ಹೀಗೇ ನಡೆಯಿತು.

ಊರಿನ ವಾಟ್ಸಾಪ್ ಫೋಟೋ ಗುಂಪಿಗೆ ನನ್ನನ್ನು ಸೇರಿಸಿದ್ದೂ ಅವರೇ. ಹಿಂದೆ ಸ್ಟುಡಿಯೋ ಇಟ್ಟಿದ್ದು ಈಗ ಅದೇ ಅಂಗಡಿಯಲ್ಲಿ ಜೆರಾಕ್ಸ್ ಮಾಡುವ ಧರ್ಮಣ್ಣ ಅದರ ಅಡ್ಮಿನ್. ಪ್ಲಾಂಟರು, ಆಟೋದವರು, ಮೇಷ್ಟ್ರು, ಟೈಲರ್, ಒಟ್ಟು ಇಪ್ಪತ್ತೈದು ಜನ. ತಿಂಗಳಿಗೊಂದು ವಿಷಯ, ಒಬ್ಬರಿಗೆ ಒಂದೇ ಫೋಟೋ, ಮೊಬೈಲಿನಲ್ಲೇ ತೆಗೆದಿರಬೇಕು, ಅದೇ ತಿಂಗಳು ತೆಗೆದಿರಬೇಕು. ಧರ್ಮಣ್ಣನಿಗೆ ಕಳಿಸಿದರೆ ಹೆಸರು ಮುಚ್ಚಿಟ್ಟು ನಂಬರ್ ಹಾಕಿ ಗುಂಪಿಗೆ ಬಿಡುತ್ತಾರೆ. ಹೆಚ್ಚು ಹಾರ್ಟ್ ಬಿದ್ದವರು ಗೆದ್ದಂತೆ. ಗೆದ್ದವರಿಗೆ ಸದಸ್ಯರಲ್ಲೇ ಒಬ್ಬರ ತೋಟದ ಕಾಫಿಪುಡಿ, ಅರ್ಧ ಕೇಜಿ. ನೀವು ನಗಬಹುದು. ಆದರೆ 'ಹೊಗೆ' ಎಂಬ ವಿಷಯಕ್ಕೆ ನನ್ನ ಒಲೆಯ ಫೋಟೋ ಗೆದ್ದ ದಿನ ಆಟೋದವರೊಬ್ಬರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ "ಲ್ಯಾಬ್ ಮೇಡಂ, ಹೊಗೆ ನಿಮ್ದಾ?" ಎಂದು ಕೇಳಿದರು. ಅಲ್ಲಿಯವರೆಗೆ ನನ್ನನ್ನು ಯಾರೂ ಆಟೋ ನಿಲ್ಲಿಸಿ ಮಾತಾಡಿಸಿರಲಿಲ್ಲ. ಈ ಊರಿನಲ್ಲಿ ನನಗೆ ಇದ್ದ ಮರ್ಯಾದೆಯೆಲ್ಲ ಆ ಗುಂಪಿನಿಂದ ಬಂದದ್ದು.

ಈ ಮಾರ್ಚಿನ ವಿಷಯ 'ಬಿಳಿ'. ಬಿಸಿಲು ನಮ್ಮೂರಿನದೇ ತರಹ ಸುಡುತ್ತಿತ್ತು, ಮಳೆಯ ಸುಳಿವಿರಲಿಲ್ಲ. ಒಂದು ಸೋಮವಾರ ಗಿರಿಜಕ್ಕ ಊದಿದ ಮಣಿಕಟ್ಟು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಲೈನಿನ ನಲ್ಲಿಗೆ ನೀರು ಬರುವುದು ಹಳ್ಳದಿಂದ, ಪೈಪಿನಲ್ಲಿ ತಾನಾಗೇ ಇಳಿದು. "ಶುಕ್ರವಾರ ರಾತ್ರಿಯಿಂದ ಒಂದು ಹನಿ ಇಲ್ಲ ಮೇಡಮ್ಮ. ಕೆಳಗಿನ ಗುಂಡಿಗೆ ಹೋಗಿದ್ದೆ, ಕೊಡದ ಜೊತೆಗೇ ಜಾರ್ದೆ" ಎಂದರು. ಪಟ್ಟಿ ಕಟ್ಟಿಸಿಕೊಂಡು, ರಕ್ತ ಕೊಟ್ಟು, ಮತ್ತೆ ಕೆಲಸಕ್ಕೆ ಹೋದರು. ಸಂಜೆ ಇದನ್ನು ಸುಮಿತ್ರಕ್ಕನಿಗೆ ಹೇಳಿದೆ. ಹೋದ ವರ್ಷ ಹೀಗೇ ಆಗಿ, ಮಳೆ ಬರುವವರೆಗೆ ಹಳ್ಳಕ್ಕೆ ಯಾರೂ ಮೋಟರ್ ಇಳಿಸಬಾರದು ಎಂದು ಊರವರೆಲ್ಲ ಶಾಲೆಯಲ್ಲಿ ಸೇರಿ ಒಪ್ಪಿದ್ದರು. ಮೊದಲ ಸಹಿ ಸುಮಿತ್ರಕ್ಕನ ಗಂಡನದು. ಅಕ್ಕನೇ ಅದನ್ನು ಹೆಮ್ಮೆಯಿಂದ ನನಗೆ ಹೇಳಿದ್ದರು. ಈಗ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಪೈಪಿಗೆ ಎಲೆ ಕಟ್ಕೊಂಡಿರ್ತದೆ" ಎಂದರು. ನಾನು ನಂಬಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಅವರು ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ತೋಟಕ್ಕೆ ಇಳಿದೆ. ಗೇಟಿಗೆ ಬರುವ ಮೊದಲೇ ಮಲ್ಲಿಗೆಯಂಥ ವಾಸನೆ. ಒಳಗೆ ನೋಡಿದರೆ ಗಿಡಗಿಡಕ್ಕೂ ಬಿಳಿ, ಎಲೆ ಕಾಣದಷ್ಟು ಬಿಳಿ. ಸುಮಿತ್ರಕ್ಕ ಒಬ್ಬರೇ ನಡುವೆ ನಿಂತಿದ್ದರು. ನನ್ನನ್ನು ನೋಡಿ ಒಂದು ಕ್ಷಣ ಬೆಚ್ಚಿದರು. ಆಮೇಲೆ ಅವರ ಮುಖದಲ್ಲಿ ಸಂತೋಷ ತಡೆಯಲಾಗದೆ ಉಕ್ಕಿತು.

"ನೋಡು ಮಾರಾಯ್ತಿ, ಹೆಂಗೆ ಬಿಟ್ಟಿದೆ. ಹತ್ತು ವರ್ಷದಲ್ಲಿ ಹಿಂಗೆ ಬಿಟ್ಟಿರ್ಲಿಲ್ಲ."

"ಒಂದ ಫೋಟೋ ತಗೀಲೇನ್ರಿ ಅಕ್ಕಾ?"

ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಹೂವು ಬಿಟ್ಟ ಗಿಡ ತೋರಿಸದೆ ಇರಲು ಕಾಫಿ ಬೆಳೆಯುವವರಿಗೆ ಆಗುವುದಿಲ್ಲ ಎಂದು ಈಗ ಗೊತ್ತಾಗಿದೆ. ತಾವೇ ಒಂದು ರೆಂಬೆ ಬಗ್ಗಿಸಿ ಹಿಡಿದರು. ಹಸಿರು ಬಳೆಯ ಕೈ, ಕೈ ತುಂಬ ಬಿಳಿ ಹೂವು. ಮೂರು ವರ್ಷದಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದೇ. ಸೋಮವಾರ ಧರ್ಮಣ್ಣನಿಗೆ ಕಳಿಸಿದೆ. ಅಕ್ಕನಿಗೆ ಹೇಳಲಿಲ್ಲ, ಗೆದ್ದ ಮೇಲೆ ಹೇಳೋಣ ಎಂದುಕೊಂಡೆ.

ಶನಿವಾರ ಫೋಟೋಗಳು ಗುಂಪಿಗೆ ಬಂದವು. ನನ್ನದು ಐದನೆಯದು. ಕೆಲಸ ಮುಗಿಸಿ ಫೋನ್ ತೆಗೆಯುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಪ್ಲಾಂಟರೊಬ್ಬರು ಕೇಳಿದ್ದರು: "ನಂಬರ್ ಐದು ಈ ವರ್ಷದ್ದಾ? ಯಾರ ತೋಟಕ್ಕೆ ಮಳೆ ಬಂತು ಮಾರಾಯ್ರೆ?" ಅದರ ಕೆಳಗೆ ಸುಮಿತ್ರಕ್ಕ ಬರೆದಿದ್ದರು: "ಅದು ನಮ್ಮ ಮಾದೇವಿದು. ಹೋದ ವರ್ಷ ನಮ್ಮ ತೋಟದಲ್ಲಿ ತೆಗೆದಿದ್ದು, ರೆಂಬೆ ಹಿಡಿದಿದ್ದು ನಾನೇ. ಪಾಪ, ಅವಳಿಗೆ ರೂಲ್ಸ್ ಸರಿಯಾಗಿ ಗೊತ್ತಾಗಿಲ್ಲ."

ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. "ಪರ್ವಾಗಿಲ್ಲ ಮೇಡಂ, ಮುಂದಿನ ಸಲ ಹೊಸದು ಹಾಕಿ" ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಯಾರೋ ನಗುವ ಮುಖ ಹಾಕಿದರು. ಮೂರು ವರ್ಷ ಅನ್ನ ಹಾಕಿದ ಕೈಯೇ, ಆ ಫೋಟೋದಲ್ಲಿರುವ ಕೈಯೇ, ನನ್ನನ್ನು ಊರ ಮುಂದೆ ಮೋಸಗಾತಿ ಮಾಡಿ, ಮೇಲೆ 'ಪಾಪ' ಎಂದೂ ಸವರಿತ್ತು. ಕೋಣೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗೋಡೆಯ ಆಚೆ ಅದು ಬಡಿದುಕೊಳ್ಳುವುದು ನನಗೇ ಕೇಳುತ್ತಿತ್ತು.

ಫೋಟೋದಲ್ಲಿ ದಿನಾಂಕ ಇರುತ್ತದಲ್ಲ, ಅದನ್ನು ತೋರಿಸಲು ಧರ್ಮಣ್ಣನ ಅಂಗಡಿಗೆ ನುಗ್ಗಿದೆ. ಅವರು ಕನ್ನಡಕ ಮೇಲೆತ್ತಿ ನೋಡಿದರು, ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸಿದರು.

"ಮೇಡಂ, ಇದನ್ನ ಗ್ರೂಪಿಗೆ ಹಾಕ್ಬೇಡಿ."

"ಯಾಕ್ರಿ? ನಾ ಏನ ತಪ್ಪು ಮಾಡೀನಿ?"

"ನೀವು ಮಾಡಿಲ್ಲ. ಕಾಫಿ ಹೂವು ಸುಮ್ನೆ ಬಿಡಲ್ಲ. ಮಳೆ ಬೀಳ್ಬೇಕು, ಇಲ್ಲ ಅಂದ್ರೆ ಸ್ಪ್ರಿಂಕ್ಲರಲ್ಲಿ ನೀರು ಹೊಡೀಬೇಕು. ಹೊಡೆದ ಎಂಟೋ ಒಂಬತ್ತೋ ದಿನಕ್ಕೆ ಹೂವು. ಮಳೆ ಬಂದಿಲ್ಲ. ಅವರಿಗೆ ಕೆರೆಯೂ ಇಲ್ಲ, ಬೋರೂ ಇಲ್ಲ."

ಉಳಿದದ್ದು ಹಳ್ಳ ಒಂದೇ, ಮುಂದಿನದನ್ನು ನಾನೇ ಎಣಿಸಿದೆ. ಭಾನುವಾರದಿಂದ ಒಂಬತ್ತು ದಿನ ಹಿಂದಕ್ಕೆ ಹೋದರೆ ಶುಕ್ರವಾರ. ಲೈನಿನ ನಲ್ಲಿ ನಿಂತ ಶುಕ್ರವಾರ. ನನಗೆ ಅದು ಬರೀ ಚೆಂದದ ಹೂವು. ಇಲ್ಲಿಯವರಿಗೆ ಅದು ಯಾರು, ಯಾವತ್ತು, ಎಲ್ಲಿಂದ ನೀರೆತ್ತಿದರು ಎಂದು ಓದಬಹುದಾದ ಕಾಗದ. ಆ ಕಾಗದವನ್ನು ನಾನೇ ಇಪ್ಪತ್ತೈದು ಜನರ ಮುಂದೆ ಬಿಚ್ಚಿಟ್ಟಿದ್ದೆ.

ಅಂಗಳದಲ್ಲಿ ಸುಮಿತ್ರಕ್ಕ ಬಟ್ಟೆ ಮಡಚುತ್ತಿದ್ದರು. ಜಗಳಕ್ಕೆಂದೇ ಹೋದೆ, ಆದರೆ ಬಾಯಿಂದ ಬಂದದ್ದು ಬೇರೆ.

"ಅಕ್ಕಾ, ಒಂದ ಮಾತ ನನಗ ಹೇಳಿದ್ರ ಆ ಫೋಟೋ ಅಳಿಸಿ ಒಗಿತಿದ್ನಲ್ಲ. ಹೇಳಾಕ ಏನಾಗಿತ್ತು?"

ಅವರು ಒಂದೇ ಸೀರೆಯನ್ನು ಎರಡು ಸಲ ಮಡಚಿದರು.

"ನಿಂಗೆ ಹೇಳಿ, ನೀನು ಇನ್ನೊಬ್ರಿಗೆ ಹೇಳಿದ್ರೆ? ನೀನು ಹೊರಗಿನೋಳು ಮಾದೇವಿ. ಇನ್ನೆರಡು ವರ್ಷಕ್ಕೆ ಟ್ರಾನ್ಸ್‌ಫರ್ ತಗೊಂಡು ಹೋಗ್ತಿ. ನಿನ್ನ ಹೆಸರು ಕೆಟ್ರೆ ಇಲ್ಲೇ ಬಿಟ್ಟು ಹೋಗ್ಬೋದು. ನಮ್ದು ಕೆಟ್ರೆ ಅದ್ರ ಜೊತೆಗೇ ಬದುಕ್ಬೇಕು."

"ಲೈನಿನವರು?"

"ಎರಡೇ ದಿನ ಮೋಟರ್ ಇಡೋಣ ಅಂದ್ಕೊಂಡಿದ್ವಿ. ಹಳ್ಳ ಇಷ್ಟು ಬತ್ತುತ್ತೆ ಅಂತ ಯಾರಿಗೆ ಗೊತ್ತಿತ್ತು. ಹೂವಿಗೆ ನೀರು ಸಿಗ್ಲಿಲ್ಲ ಅಂದ್ರೆ ವರ್ಷವೇ ಹೋಯ್ತಲ್ಲ."

ಅವರ ಕಣ್ಣು ತುಂಬಿತ್ತು, ಅದು ಸುಳ್ಳಲ್ಲ. ಆದರೂ ನನಗೆ ಚುಚ್ಚಿದ್ದು ಗುಂಪಿನಲ್ಲಿ ಆಡಿದ ಸುಳ್ಳಲ್ಲ, ಅಂಗಳದಲ್ಲಿ ಆಡಿದ ನಿಜ. ಮೂರು ವರ್ಷ ಅವರ ಒಲೆಯ ಮುಂದೆ ಕೂತವಳನ್ನು ಒಂದು ಗುಟ್ಟಿಗೆ ಆಗದವಳು ಎಂದು ಅವರು ಮೊದಲೇ ತೂಗಿ ನೋಡಿದ್ದರು.

ಕೊಡ ಹಿಡಿದು ಟ್ಯಾಂಕರಿಗೆ ಕಾದ ಊರಿನವಳು ನಾನು. ಇಂಥ ಹೊತ್ತಿಗೆ ಯಾರ ಕಡೆ ನಿಲ್ಲಬೇಕು ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಆದರೆ ನಾನು ದಿನಾಂಕ ತೋರಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಹೊರಗಿನವಳಲ್ಲ ಎಂದು ಸುಮಿತ್ರಕ್ಕನಿಗೆ ಸಾಧಿಸಿ ತೋರಿಸುವ ಹಟವೋ, ಇದ್ದೊಂದು ಮನೆ ಕಳೆದುಕೊಳ್ಳುವ ಹೆದರಿಕೆಯೋ, ಎರಡೂ ಇರಬೇಕು.

ಏಪ್ರಿಲ್ ಮೊದಲ ವಾರ ಹೂಮಳೆ ಬಂತು. ಹೂವು ಬಿಡಿಸುವ ಮಳೆಗೆ ಇಲ್ಲಿಯವರು ಇಟ್ಟ ಹೆಸರು ಅದು. ಒಂಬತ್ತನೆಯ ದಿನ ಎಲ್ಲರ ತೋಟವೂ ಬಿಳಿ, ಇನ್ನು ಯಾರ ಹೂವು ಯಾವಾಗಿನದು ಎಂದು ಕೇಳುವವರಿಲ್ಲ. ಆ ತಿಂಗಳ ವಿಷಯ 'ಕೈ'. ಪಟ್ಟಿ ಬಿಚ್ಚಿಸಲು ಬಂದ ಗಿರಿಜಕ್ಕನನ್ನು ಕೇಳಿದೆ, "ನಿಮ್ಮ ಕೈದೊಂದು ಫೋಟೋ ತಗೀಲೇನ್ರಿ?" "ಈ ಕೈಯಲ್ಲಿ ಎಂತ ಇದೆ ಅಂತ ತೆಗೀತೀರಿ" ಎಂದು ನಾಚಿಕೊಂಡೇ ಚಾಚಿದರು. ಮಣಿಕಟ್ಟು ಇನ್ನೂ ಸೊಟ್ಟ, ಬೆರಳ ತುದಿಯಲ್ಲಿ ಸುಣ್ಣ. ಅದನ್ನು ಕಳಿಸುವಾಗ ಸುಮಿತ್ರಕ್ಕನಿಗೆ ಚುರುಕು ಮುಟ್ಟಲಿ ಎಂದುಕೊಂಡಿದ್ದೆ. ಅವರು ಹಾರ್ಟ್ ಹಾಕಿದರು. ಅದು ಯಾರ ಕೈ ಎಂದು ಅವರಿಗೆ ಗೊತ್ತಾಗಲೇ ಇಲ್ಲ.

ಫೋಟೋ ಗೆದ್ದಿತು. ಬಹುಮಾನದ ಪುಡಿ ಕೊಡುವ ಸರದಿ ಸುಮಿತ್ರಕ್ಕನದೇ. ಪೊಟ್ಟಣದ ಜೊತೆ ಕಡುಬನ್ನೂ ತಂದು, ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತು, "ನೀನು ನಮ್ಮೋಳೇ ಅಂತ ಈಗ ಗೊತ್ತಾಯ್ತು ಕಣೆ" ಎಂದರು. ಮೂರು ವರ್ಷ ನಾನು ಕಾದದ್ದು ಅದೇ ಮಾತಿಗೆ. ಕಡುಬನ್ನು ತಿನ್ನದೆ ಹಾಗೇ ಮುಚ್ಚಿಟ್ಟೆ. ಅವತ್ತು ತಂಗಿಗೆ ಫೋನ್ ಮಾಡಿದಾಗ "ನೀ ಘಟ್ಟದಾವರ ಗತೆ ಮಾತಾಡಾಕತ್ತಿ ಬಿಡು" ಎಂದಳು. ಯಾವ ಮಾತಿಗೆ ಹಾಗೆಂದಳೋ, ಕೇಳಲಿಲ್ಲ.

ಪುಡಿ ನನ್ನ ಕೋಣೆಯಲ್ಲಿ ಎರಡು ದಿನ ಘಮಗುಟ್ಟಿತು. ಮೂರನೆಯ ದಿನ ಅದನ್ನು ಲೈನಿಗೆ ಒಯ್ದು ಗಿರಿಜಕ್ಕನಿಗೆ ಕೊಟ್ಟೆ. ನಿಮ್ಮ ಕೈ ಗೆದ್ದಿತು, ಇದು ನಿಮಗೆ ಸೇರಬೇಕಾದದ್ದು ಎಂದೆ. ಅವರು ಪೊಟ್ಟಣವನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡರು. ಅವರ ಬೆನ್ನ ಹಿಂದೆ ನಲ್ಲಿಯಲ್ಲಿ ಮತ್ತೆ ನೀರು ಕೊಡಕ್ಕೆ ಬೀಳುತ್ತಿತ್ತು.

"ಒಳ್ಳೆ ಪುಡಿ. ಯಾರ ತೋಟದ್ದು ಮೇಡಮ್ಮ?"

"ನಮ್ಮೂರಿಂದು" ಎಂದೆ.

ಈ ಊರನ್ನು ನಾನು ನಮ್ಮೂರು ಎಂದು ಕರೆದದ್ದು ಅದೇ ಮೊದಲ ಸಲ.